ಬೇಸ್ ಗಿಟಾರ್‌ಗೆ ತಂತಿ ಸುತ್ತುವ ಕ್ರಮ

ಬೇಸ್ ಗಿಟಾರ್‌ಗೆ ತಂತಿ ಸುತ್ತುವುದು ಎಂದರೆ ಹೊಸ ತಂತಿಯ ತುದಿಯನ್ನು ವಾದ್ಯದ ತಲೆಭಾಗದಲ್ಲಿರುವ ಬಿರಡೆಯ ಪೋಸ್ಟಿಗೆ ಸಿಕ್ಕಿಸಿ, ತಕ್ಕಷ್ಟು ಸುತ್ತುಗಳನ್ನು ಮೇಲಿನಿಂದ ಕೆಳಕ್ಕೆ ಒತ್ತಾಗಿ ಹಾಕಿ, ತಂತಿಯನ್ನು ಶ್ರುತಿಗೆ ಏರಿಸುವ ಕೆಲಸ. ನೋಡಲು ಇದು ಬಿಡಿಭಾಗ ಬದಲಿಸುವಂತಹ ಸಣ್ಣ ಕೆಲಸವಾಗಿ ಕಂಡರೂ ವಾದ್ಯದ ಶ್ರುತಿ ನಿಲ್ಲುವುದು, ತೆರೆದ ತಂತಿಯ ನಾದ ಶುದ್ಧವಾಗಿರುವುದು ಮತ್ತು ತಂತಿ ಬಾಳಿಕೆ ಬರುವುದು ಬಹುಮಟ್ಟಿಗೆ ಇದನ್ನೇ ಅವಲಂಬಿಸಿವೆ. ಬೇಸ್ ತಂತಿಗಳ ಒಂದು ಕಟ್ಟಿನ ಬೆಲೆ ಸಾಮಾನ್ಯ ಗಿಟಾರ್ ತಂತಿಗಳ ಕಟ್ಟಿನ ಬೆಲೆಗಿಂತ ಹಲವು ಪಟ್ಟು ಹೆಚ್ಚು. ತಪ್ಪಾದ ಜಾಗದಲ್ಲಿ ಕತ್ತರಿಸಿದ ತಂತಿಯನ್ನು ಮತ್ತೆ ಜೋಡಿಸಲು ಬರುವುದಿಲ್ಲ. ಆದ್ದರಿಂದ ಈ ಕೆಲಸದಲ್ಲಿ ಹಿಂತೆಗೆದುಕೊಳ್ಳಲಾಗದ ಹೆಜ್ಜೆ ಎಂದರೆ ಕತ್ತರಿಯ ಹೆಜ್ಜೆ ಒಂದೇ. ಉಳಿದವುಗಳನ್ನು ಸಡಿಲಿಸಿ ಮತ್ತೆ ಮಾಡಬಹುದು.

ಈ ಲೇಖನದಲ್ಲಿ ಮುಖ್ಯವಾಗಿ ನಾಲ್ಕು ತಂತಿಗಳ, 34 ಅಂಗುಲ ಸ್ಕೇಲ್ ಉದ್ದದ, ಸೀಳುಳ್ಳ ಪೋಸ್ಟುಗಳ ಬೇಸ್ ಗಿಟಾರನ್ನು ಗಮನದಲ್ಲಿರಿಸಿಕೊಳ್ಳಲಾಗಿದೆ. ಲಿಯೋ ಫೆಂಡರ್ ಅವರ ಕಂಪನಿ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್ ಮತ್ತು 1960ರಲ್ಲಿ ತಂದ ಜಾಝ್ ಬೇಸ್ ಈ ಮಾದರಿಯವು. ಇಂದು ಬಳಕೆಯಲ್ಲಿರುವ ಅನೇಕ ಬೇಸ್ ಗಿಟಾರ್‌ಗಳು ಈ ಎರಡರ ವಿನ್ಯಾಸವನ್ನೇ ಅನುಸರಿಸಿವೆ.

ಬಿರಡೆಯ ರಚನೆ

ವೀಣೆಯಲ್ಲಿ ಮರದ ಬಿರಡೆಯನ್ನು ಮರದ ರಂಧ್ರದಲ್ಲಿ ಒತ್ತಿ ಕೂರಿಸಲಾಗುತ್ತದೆ. ತಂತಿಯ ಎಳೆತವನ್ನು ತಡೆಯುವುದು ಆ ಎರಡು ಮರಗಳ ನಡುವಿನ ಘರ್ಷಣೆ. ಬೇಸ್ ಗಿಟಾರ್‌ನ ಬಿರಡೆ ಇದಕ್ಕಿಂತ ಭಿನ್ನವಾದ ಲೋಹದ ಯಂತ್ರ. ಬೆರಳುಗಳಿಂದ ತಿರುಗಿಸುವ ಅಗಲವಾದ ಕಿವಿ ಒಂದು ವರ್ಮ್ ಗೇರನ್ನು ತಿರುಗಿಸುತ್ತದೆ, ಅದು ಹಲ್ಲುಚಕ್ರವನ್ನು ತಿರುಗಿಸುತ್ತದೆ, ಹಲ್ಲುಚಕ್ರದ ಜೊತೆ ಪೋಸ್ಟ್ ಎಂಬ ಗಿಡ್ಡ ಕಂಬ ತಿರುಗುತ್ತದೆ. ಗೇರಿನ ಅನುಪಾತ ಬಹಳಷ್ಟು ಬಿರಡೆಗಳಲ್ಲಿ 20:1ರ ಆಸುಪಾಸಿನಲ್ಲಿರುತ್ತದೆ. ಅಂದರೆ ಪೋಸ್ಟ್ ಒಂದು ಪೂರ್ಣ ಸುತ್ತು ತಿರುಗಲು ಕಿವಿಯನ್ನು ಸುಮಾರು 20 ಸಲ ತಿರುಗಿಸಬೇಕು.

ವರ್ಮ್ ಗೇರಿನ ವಿಶೇಷವೆಂದರೆ ಕಿವಿ ಪೋಸ್ಟನ್ನು ತಿರುಗಿಸಬಲ್ಲದು, ಆದರೆ ತಂತಿಯ ಎಳೆತದಿಂದ ಪೋಸ್ಟ್ ತಾನಾಗಿ ಹಿಂದಕ್ಕೆ ತಿರುಗಿ ಕಿವಿಯನ್ನು ತಿರುಗಿಸಲಾರದು. ಈ ಸಂಗತಿಯನ್ನು ಹೊಸಬರು ತಿಳಿದಿರುವುದು ಒಳ್ಳೆಯದು. ಹೊಸ ತಂತಿ ಹಾಕಿದ ಮೇಲೆ ಶ್ರುತಿ ಇಳಿಯುತ್ತಲೇ ಇದ್ದರೆ ಬಿರಡೆ ಸವೆದಿದೆ ಎಂದು ತೀರ್ಮಾನಿಸಿ ಅದನ್ನು ಬದಲಿಸುವವರು ಉಂಟು. ಸುಸ್ಥಿತಿಯಲ್ಲಿರುವ ಗೇರಿನಲ್ಲಿ ದೋಷ ಬಹುತೇಕ ಬೇರೆ ಕಡೆ, ಅಂದರೆ ಪೋಸ್ಟಿನ ಮೇಲಿನ ಸುತ್ತುಗಳಲ್ಲಿ, ನಟ್‌ನಲ್ಲಿ ಅಥವಾ ಇನ್ನೂ ಹಿಗ್ಗುತ್ತಿರುವ ತಂತಿಯಲ್ಲಿ ಇರುತ್ತದೆ.

ಫೆಂಡರ್ ಮಾದರಿಯ ಪೋಸ್ಟಿನ ತಲೆಯಲ್ಲಿ ಅಡ್ಡಲಾಗಿ ಒಂದು ಸೀಳು ಮತ್ತು ಸೀಳಿನ ನಡುವೆ ಕೆಳಮುಖವಾಗಿ ಕೊರೆದ ಒಂದು ರಂಧ್ರ ಇರುತ್ತವೆ. ತಂತಿಯ ತುದಿ ರಂಧ್ರದೊಳಗೆ ಇಳಿದು ಅಡಗುತ್ತದೆ. ತಂತಿ ಸೀಳಿನ ಮೂಲಕ ಹೊರಬಂದು ಪೋಸ್ಟನ್ನು ಸುತ್ತುತ್ತದೆ. ಇದರಿಂದ ಕತ್ತರಿಸಿದ ಚೂಪು ತುದಿ ಹೊರಗೆ ಚಾಚಿಕೊಂಡು ಕೈಗೆ ಚುಚ್ಚುವ ಪ್ರಸಂಗ ತಪ್ಪುತ್ತದೆ. ದಪ್ಪ ತಂತಿಯನ್ನು ಗಂಟು ಹಾಕಲು ಸಾಧ್ಯವಿಲ್ಲದ ಕಾರಣ ಬೇಸ್ ಗಿಟಾರ್‌ಗೆ ಈ ಏರ್ಪಾಡು ಚೆನ್ನಾಗಿ ಹೊಂದುತ್ತದೆ. ಕೆಲವು ವಾದ್ಯಗಳಲ್ಲಿ ಸೀಳಿನ ಬದಲು ಪೋಸ್ಟಿನ ಪಕ್ಕದಲ್ಲಿ ಆರಪಾರಾಗಿ ಕೊರೆದ ರಂಧ್ರ ಇರುತ್ತದೆ.

ತಂತಿಯ ರಚನೆ

ಬೇಸ್ ತಂತಿ ಒಂದೇ ಎಳೆಯಲ್ಲ. ಒಳಗೆ ಉಕ್ಕಿನ ತಿರುಳು ತಂತಿ, ಅದರ ಸುತ್ತ ನಿಕಲ್ ಲೇಪಿತ ಉಕ್ಕು ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಹೊದಿಕೆ ತಂತಿಯ ಒಂದು ಅಥವಾ ಹೆಚ್ಚು ಪದರಗಳು ಇರುತ್ತವೆ. ಎಳೆತವನ್ನು ಹೊರುವುದು ತಿರುಳು. ತೂಕ ಕೊಟ್ಟು ಸ್ವರವನ್ನು ತಗ್ಗಿಸುವುದು ಹೊದಿಕೆ. ಸಾಮಾನ್ಯ ಶ್ರುತಿಯಲ್ಲಿ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ, ಎ 55 ಸಲ, ಡಿ 73 ಸಲ, ಜಿ 98 ಸಲ ಕಂಪಿಸುತ್ತವೆ. ಬಹಳ ಬಳಕೆಯಲ್ಲಿರುವ ಒಂದು ಕಟ್ಟಿನಲ್ಲಿ ತಂತಿಗಳ ದಪ್ಪ ಜಿ ಯಿಂದ ಇ ವರೆಗೆ ಕ್ರಮವಾಗಿ 0.045, 0.065, 0.085 ಮತ್ತು 0.105 ಅಂಗುಲ, ಮಿಲಿಮೀಟರ್ ಲೆಕ್ಕದಲ್ಲಿ 1.14, 1.65, 2.16 ಮತ್ತು 2.67. ಶ್ರುತಿಗೆ ಏರಿಸಿದಾಗ ಒಂದೊಂದು ತಂತಿಯ ಮೇಲೂ ಸುಮಾರು 15ರಿಂದ 25 ಕಿಲೋಗ್ರಾಂ ತೂಗುವ ವಸ್ತುವನ್ನು ನೇತುಹಾಕಿದಷ್ಟು ಎಳೆತ ಬೀಳುತ್ತದೆ.

ತಿರುಳು ತಂತಿಯಲ್ಲಿ ಎರಡು ಬಗೆ. ಷಟ್ಕೋನ ತಿರುಳಿನ ಆರು ಅಂಚುಗಳು ಹೊದಿಕೆಯನ್ನು ಕಚ್ಚಿ ಹಿಡಿಯುತ್ತವೆ. ದುಂಡು ತಿರುಳಿಗೆ ಅಂತಹ ಅಂಚುಗಳಿಲ್ಲ. ಅದರ ಹೊದಿಕೆಯನ್ನು ಎರಡು ತುದಿಗಳಲ್ಲಿ ಹಿಡಿದಿಟ್ಟರೆ ಮಾತ್ರ ಅದು ಬಿಗಿಯಾಗಿ ಉಳಿಯುತ್ತದೆ. ನೇರವಾಗಿರುವ ದುಂಡು ತಿರುಳಿನ ತಂತಿಯನ್ನು ಹಾಗೆಯೇ ಕತ್ತರಿಸಿದರೆ ಹೊದಿಕೆ ತಿರುಳಿನ ಮೇಲೆ ಜಾರಿ ಸಡಿಲಗೊಳ್ಳುತ್ತದೆ. ಆಗ ಹೊಸ ತಂತಿಯೂ ಮಂಕಾಗಿ, ಕೆಲವೊಮ್ಮೆ ಕರಕರ ಸದ್ದಿನೊಂದಿಗೆ ನುಡಿಯುತ್ತದೆ. ಅದನ್ನು ಸರಿಪಡಿಸುವ ಉಪಾಯವಿಲ್ಲ. ತಿರುಳು ಯಾವ ಬಗೆಯದು ಎಂಬುದು ಹೊರಗಿನಿಂದ ಕಾಣುವುದಿಲ್ಲವಾದ್ದರಿಂದ, ಮೊದಲು ಬಾಗಿಸಿ ನಂತರ ಕತ್ತರಿಸುವ ನಿಯಮವನ್ನು ಎಲ್ಲ ತಂತಿಗಳಿಗೂ ಪಾಲಿಸುವುದೇ ಕ್ಷೇಮ.

ಹಲವು ತಂತಿಗಳ ತುದಿಯಲ್ಲಿ ಬಣ್ಣದ ರೇಷ್ಮೆಯಂತಹ ನೂಲಿನ ಹೊದಿಕೆ ಇರುತ್ತದೆ. ಕೆಲವು ತಂತಿಗಳ ತುದಿಭಾಗವನ್ನು ಹೊದಿಕೆಯ ಪದರ ಕಡಿಮೆ ಮಾಡಿ ತೆಳುವಾಗಿಸಿರುತ್ತಾರೆ. ಈ ನೂಲಿನ ಭಾಗ ಅಥವಾ ತೆಳುಭಾಗ ಪೋಸ್ಟಿನ ಮೇಲೆ ಬರಬೇಕು. ನಟ್ ಮತ್ತು ಬ್ರಿಡ್ಜ್‌ಗಳ ನಡುವೆ ಕಂಪಿಸುವ ಭಾಗದಲ್ಲಿ ಬರಬಾರದು. ತಂತಿಗಳನ್ನು ಶಾರ್ಟ್ ಸ್ಕೇಲ್, ಮೀಡಿಯಂ ಸ್ಕೇಲ್, ಲಾಂಗ್ ಸ್ಕೇಲ್ ಎಂದು ಬೇರೆ ಬೇರೆ ಉದ್ದಗಳಲ್ಲಿ ಮಾರುವುದಕ್ಕೆ ಇದೂ ಒಂದು ಕಾರಣ. 30 ಅಂಗುಲದ ವಾದ್ಯಕ್ಕೆ 34 ಅಂಗುಲದ ವಾದ್ಯದ ತಂತಿಯನ್ನು ಹಾಕಿದರೆ ಪೂರ್ಣ ದಪ್ಪದ ಭಾಗವೇ ಪೋಸ್ಟನ್ನು ಸುತ್ತಬೇಕಾಗುತ್ತದೆ. ಆ ತೀಕ್ಷ್ಣ ಬಾಗಿನಲ್ಲಿ ಹೊದಿಕೆ ಬಿರಿದು ತಂತಿ ತುಂಡಾಗಬಹುದು.

ಸುತ್ತುಗಳು ಮಾಡುವ ಕೆಲಸ

ಪೋಸ್ಟಿನ ಮೇಲಿನ ಸುತ್ತುಗಳು ಎರಡು ಕೆಲಸ ಮಾಡುತ್ತವೆ. ಮೊದಲನೆಯದು ಹಿಡಿತ. ಕಂಬಕ್ಕೆ ಹಗ್ಗವನ್ನು ಎರಡು ಮೂರು ಸುತ್ತು ಸುತ್ತಿದರೆ ಹಗ್ಗದ ತುದಿಯನ್ನು ಬೆರಳಿನಿಂದ ಹಿಡಿದೂ ದೊಡ್ಡ ಎಳೆತವನ್ನು ತಡೆಯಬಹುದೆಂಬುದು ಹಡಗುಕಟ್ಟೆಯವರಿಗೂ, ದನ ಕಟ್ಟುವವರಿಗೂ ತಿಳಿದ ಸಂಗತಿ. ಆಯ್ಲರ್ ಮತ್ತು ಐಟೆಲ್‌ವೈನ್ ಅವರ ಹೆಸರಿನಲ್ಲಿರುವ ಸೂತ್ರ ಇದನ್ನು ಲೆಕ್ಕಕ್ಕೆ ತರುತ್ತದೆ: ಸುತ್ತು ಹೆಚ್ಚಿದಂತೆ ತುದಿಯ ಮೇಲೆ ಬೀಳುವ ಎಳೆತ ಗುಣೋತ್ತರವಾಗಿ ಇಳಿಯುತ್ತದೆ. ಪೋಸ್ಟ್ ಮತ್ತು ತಂತಿಯ ನಡುವಿನ ಘರ್ಷಣಾಂಕ 0.2 ಎಂದು ಇಟ್ಟುಕೊಂಡರೆ, ಎರಡು ಸುತ್ತುಗಳ ನಂತರ ತುದಿಗೆ ತಲುಪುವುದು ಮೂಲ ಎಳೆತದ ಸುಮಾರು ಹನ್ನೆರಡನೇ ಒಂದು ಭಾಗ. ಮೂರು ಸುತ್ತುಗಳ ನಂತರ ನಲವತ್ಮೂರನೇ ಒಂದು ಭಾಗ. ತಂತಿಯ ಎಳೆತ 20 ಕಿಲೋಗ್ರಾಂ ತೂಕದಷ್ಟಿದ್ದರೆ ಮೂರು ಸುತ್ತು ದಾಟಿ ರಂಧ್ರದೊಳಗಿನ ತುದಿಗೆ ಬರುವುದು ಅರ್ಧ ಕಿಲೋಗ್ರಾಂಗಿಂತ ಕಡಿಮೆ. ಅಷ್ಟನ್ನು ಬಾಗಿದ ತುದಿ ಸುಲಭವಾಗಿ ತಡೆದುಕೊಳ್ಳುತ್ತದೆ. ಒಂದೇ ಸುತ್ತಿದ್ದರೆ ಅದೇ ತುದಿಯ ಮೇಲೆ ಸುಮಾರು ಐದೂಮುಕ್ಕಾಲು ಕಿಲೋಗ್ರಾಂ ಬೀಳುತ್ತದೆ, ಜಾರುವಿಕೆ ಅಲ್ಲಿಂದ ಆರಂಭವಾಗುತ್ತದೆ.

ಹಾಗಾದರೆ ಆರೇಳು ಸುತ್ತು ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ತೋರಬಹುದು. ಅದು ಸರಿಯಲ್ಲ. ಪೋಸ್ಟಿನ ಎತ್ತರ ಸೀಮಿತ; ಜಾಗ ಮುಗಿದ ಮೇಲೆ ಸುತ್ತು ಸುತ್ತಿನ ಮೇಲೇರುತ್ತದೆ. ಹಾಗೆ ಮೇಲೇರಿದ ಸುತ್ತುಗಳು ನುಡಿಸುವಾಗ ನಿಧಾನವಾಗಿ ಒಂದರೊಳಗೊಂದು ಕುಸಿದು ಕೂರುತ್ತವೆ, ಪ್ರತಿ ಕುಸಿತಕ್ಕೂ ಶ್ರುತಿ ಸ್ವಲ್ಪ ಇಳಿಯುತ್ತದೆ. ಹೆಚ್ಚು ಉದ್ದದ ತಂತಿ ಪೋಸ್ಟಿನ ಮೇಲಿದ್ದಷ್ಟೂ ಬಿಗಿಗೊಳ್ಳಬೇಕಾದ ಸಡಿಲವೂ ಹೆಚ್ಚು.

ಎರಡನೆಯ ಕೆಲಸ ಕೋನಕ್ಕೆ ಸಂಬಂಧಿಸಿದ್ದು. ತಂತಿ ನಟ್‌ನ ಗಾಡಿಯ ಮೇಲೆ ಹಾದು ಪೋಸ್ಟಿನ ಕಡೆಗೆ ಕೆಳಕ್ಕೆ ಇಳಿಯುತ್ತದೆ. ಈ ಇಳಿಕೋನ ಸಾಕಷ್ಟಿದ್ದರೆ ತಂತಿ ಗಾಡಿಯ ತಳಕ್ಕೆ ಒತ್ತಿಕೊಂಡು, ಕಂಪನ ಅಲ್ಲಿಯೇ ಸ್ಪಷ್ಟವಾಗಿ ಕೊನೆಗೊಳ್ಳುತ್ತದೆ. ಕೋನ ಕಡಿಮೆಯಾದರೆ ತಂತಿ ಗಾಡಿಯಲ್ಲಿ ಅಲುಗಿ ಝೇಂಕರಿಸುತ್ತದೆ. ಸುತ್ತುಗಳು ಮೇಲಿನಿಂದ ಕೆಳಕ್ಕೆ ಬರಬೇಕೆನ್ನುವುದು ಇದಕ್ಕಾಗಿ: ಕೊನೆಯ ಸುತ್ತು ಪೋಸ್ಟಿನ ಬುಡದಲ್ಲಿದ್ದರೆ ತಂತಿ ಹೆಚ್ಚು ಕೆಳಗಿನಿಂದ ಹೊರಡುತ್ತದೆ, ಕೋನ ಹೆಚ್ಚುತ್ತದೆ. ಕೆಲವು ಪೋಸ್ಟುಗಳ ನಡುವನ್ನು ಒಳಕ್ಕೆ ತಗ್ಗಿಸಿರುವುದೂ ಸುತ್ತುಗಳು ತಾವಾಗಿ ಕೆಳಸರಿಯಲಿ ಎಂದೇ.

ಹಳೆಯ ತಂತಿಯನ್ನು ತೆಗೆಯುವುದು

ಹಳೆಯ ತಂತಿಯನ್ನು ಮೊದಲು ಬಿರಡೆಯಿಂದ ಪೂರ್ಣ ಸಡಿಲಿಸಬೇಕು. ಬಿಗಿಯಲ್ಲಿರುವ ತಂತಿಯನ್ನು ಕತ್ತರಿಸಿದರೆ ತುಂಡುಗಳು ಚಿಮ್ಮಿ ಕಣ್ಣಿಗೆ ಅಥವಾ ಮುಖಕ್ಕೆ ಪೆಟ್ಟಾಗುವ ಸಂಭವವಿದೆ. ಸಡಿಲಿಸಿದ ಮೇಲೆ ಸುತ್ತುಗಳನ್ನು ಬಿಚ್ಚಿ, ತುದಿಯನ್ನು ರಂಧ್ರದಿಂದ ಮೇಲಕ್ಕೆತ್ತಿ, ಬ್ರಿಡ್ಜ್ ಕಡೆಯಿಂದ ಎಳೆದುಕೊಳ್ಳಲಾಗುತ್ತದೆ. ಬಾಗಿದ ತುದಿ ಬ್ರಿಡ್ಜ್‌ನ ರಂಧ್ರದಲ್ಲಿ ಸಿಕ್ಕಿಕೊಂಡು ಮೇಲ್ಮೈಗೆ ಗೀರು ಬೀಳಿಸದಂತೆ, ಈ ಹಂತದಲ್ಲಿ ಸಡಿಲ ತಂತಿಯ ಬಾಗಿದ ಭಾಗವನ್ನು ಕತ್ತರಿಸಿ ತೆಗೆಯುವುದೂ ಉಂಟು. ಹಳೆಯ ತಂತಿಯನ್ನು ಕುದಿಸಿ ಕೊಳೆ ತೆಗೆದು ಮತ್ತೆ ಹಾಕುವ ಉದ್ದೇಶವಿದ್ದವರು ಮಾತ್ರ ಅದನ್ನು ಕತ್ತರಿಸುವುದಿಲ್ಲ.

ನಾಲ್ಕೂ ತಂತಿಗಳನ್ನು ಒಟ್ಟಿಗೆ ತೆಗೆಯಬೇಕೋ ಒಂದೊಂದಾಗಿ ಬದಲಿಸಬೇಕೋ ಎಂಬ ಬಗ್ಗೆ ವಾದಕರಲ್ಲಿ ಭಿನ್ನಾಭಿಪ್ರಾಯವಿದೆ. ಒಟ್ಟಿಗೆ ತೆಗೆದರೆ ಫಿಂಗರ್‌ಬೋರ್ಡನ್ನು ಚೆನ್ನಾಗಿ ಒರೆಸಬಹುದು. ಎಳೆತ ಇಲ್ಲವಾದಾಗ ಕುತ್ತಿಗೆ ಸ್ವಲ್ಪ ಹಿಂದಕ್ಕೆ ಬಾಗುತ್ತದೆ, ಆದರೆ ಒಳಗಿನ ಟ್ರಸ್ ರಾಡ್ ಇರುವ ವಾದ್ಯಗಳಿಗೆ ಕೆಲವು ಗಂಟೆಗಳ ಕಾಲ ಇದರಿಂದ ಹಾನಿಯಿಲ್ಲ. ಹಾಫ್ನರ್ 500/1 ಮಾದರಿಯ ವಿಷಯ ಮಾತ್ರ ಬೇರೆ. ಪಾಲ್ ಮೆಕಾರ್ಟ್ನಿ ಅವರ ಕೈಯಲ್ಲಿ ಪ್ರಸಿದ್ಧವಾದ ಆ ಪಿಟೀಲಿನಾಕಾರದ ಬೇಸ್‌ನಲ್ಲಿ ಮರದ ಬ್ರಿಡ್ಜನ್ನು ಒಡಲಿಗೆ ತಿರುಪು ಹಾಕಿ ಕೂರಿಸಿಲ್ಲ. ತಂತಿಗಳ ಒತ್ತಡವೇ ಅದನ್ನು ಹಿಡಿದಿರುತ್ತದೆ. ಎಲ್ಲ ತಂತಿಗಳನ್ನೂ ತೆಗೆದರೆ ಬ್ರಿಡ್ಜ್ ಕೈಗೆ ಬರುತ್ತದೆ, ಮತ್ತೆ ಅದರ ಸ್ಥಾನವನ್ನು ಹುಡುಕಿ ಕೂರಿಸಬೇಕಾಗುತ್ತದೆ. ಅಲ್ಲಿ ಒಂದೊಂದಾಗಿ ಬದಲಿಸುವುದೇ ಜಾಣತನ.

ಅಳೆಯುವುದು, ಬಾಗಿಸುವುದು, ಕತ್ತರಿಸುವುದು

ತಂತಿಯ ಗುಂಡು ಕಟ್ಟಿದ ತುದಿಯನ್ನು ಬ್ರಿಡ್ಜ್‌ಗೆ ಸಿಕ್ಕಿಸಿ, ತಂತಿಯನ್ನು ಸ್ಯಾಡಲ್ ಮತ್ತು ನಟ್‌ನ ಗಾಡಿಗಳ ಮೇಲೆ ನೇರವಾಗಿ ಎಳೆದು ತನ್ನ ಪೋಸ್ಟಿನ ಬಳಿಗೆ ತರಲಾಗುತ್ತದೆ. ಪೋಸ್ಟಿನಿಂದ ಮುಂದಕ್ಕೆ ಎಷ್ಟು ತಂತಿ ಉಳಿಸಬೇಕು ಎಂಬುದೇ ಇಡೀ ಕೆಲಸದ ಮುಖ್ಯ ಪ್ರಶ್ನೆ.

ಇದಕ್ಕೆ ಅನುಭವಿಗಳು 10ರಿಂದ 13 ಸೆಂಟಿಮೀಟರ್ ಅಥವಾ ನಾಲ್ಕೈದು ಅಂಗುಲ ಎಂಬ ಅಂದಾಜು ಹೇಳುತ್ತಾರೆ. ಅಂದಾಜು ಎಲ್ಲಿಂದ ಬಂತೆಂದು ಲೆಕ್ಕ ಹಾಕಿ ನೋಡಬಹುದು. ಪೋಸ್ಟಿನ ವ್ಯಾಸ 12 ಮಿಲಿಮೀಟರ್ ಎಂದುಕೊಂಡರೆ, 2.67 ಮಿಲಿಮೀಟರ್ ದಪ್ಪದ ಇ ತಂತಿಯ ಒಂದು ಸುತ್ತಿಗೆ ಸುಮಾರು 46 ಮಿಲಿಮೀಟರ್ ತಂತಿ ಬೇಕು. ಎರಡೂವರೆ ಸುತ್ತಿಗೆ 115 ಮಿಲಿಮೀಟರ್. ರಂಧ್ರದೊಳಗೆ ಇಳಿಯುವ ತುದಿಗೆ 15 ಮಿಲಿಮೀಟರ್ ಸೇರಿಸಿದರೆ 13 ಸೆಂಟಿಮೀಟರ್ ಆಗುತ್ತದೆ. ತೆಳುವಾದ ಜಿ ತಂತಿಯ ಒಂದು ಸುತ್ತಿಗೆ ಸುಮಾರು 41 ಮಿಲಿಮೀಟರ್ ಸಾಕು. ಮೂರು ಸುತ್ತು ಮತ್ತು ತುದಿ ಸೇರಿ ಸುಮಾರು 14 ಸೆಂಟಿಮೀಟರ್. ಪೋಸ್ಟ್ ಇದಕ್ಕಿಂತ ಸಣ್ಣದಾದರೆ ಉದ್ದವೂ ಕಡಿಮೆಯಾಗುತ್ತದೆ. ವಾದ್ಯದ ಪೋಸ್ಟನ್ನು ಒಮ್ಮೆ ಅಳೆದಿಟ್ಟುಕೊಂಡವರಿಗೆ ಮುಂದೆ ಊಹೆಯ ಅಗತ್ಯ ಬೀಳುವುದಿಲ್ಲ.

ನಾಲ್ಕು ಬಿರಡೆಗಳು ಒಂದೇ ಸಾಲಿನಲ್ಲಿರುವ ವಾದ್ಯಗಳಲ್ಲಿ ಅಳತೆಪಟ್ಟಿಯಿಲ್ಲದೆ ಅಳೆಯುವ ರೂಢಿಯೂ ಇದೆ. ಒಂದು ಪೋಸ್ಟಿನಿಂದ ಮುಂದಿನದಕ್ಕೆ ಇರುವ ಅಂತರವನ್ನು ಅಳತೆಗೋಲಾಗಿ ಬಳಸಿ, ತಂತಿ ತನ್ನ ಪೋಸ್ಟನ್ನು ದಾಟಿ ಎರಡನೆಯ ಪೋಸ್ಟಿನಿಂದ ಸ್ವಲ್ಪ ಮುಂದಕ್ಕೆ ತಲುಪುವಷ್ಟು ಉದ್ದವನ್ನು ಉಳಿಸುತ್ತಾರೆ. ಇ ಮತ್ತು ಎ ತಂತಿಗಳಿಗೆ ಇದು ಸರಿಹೋಗುತ್ತದೆ. ಡಿ ಮತ್ತು ಜಿ ತಂತಿಗಳ ಮುಂದೆ ಅಷ್ಟು ಪೋಸ್ಟುಗಳೇ ಇಲ್ಲ. ಅಲ್ಲಿ ಅದೇ ಅಂತರವನ್ನು ಕಣ್ಣಳತೆಯಲ್ಲಿ ಹಿಡಿಯಬೇಕು. ಹೊಸಬರ ಕೈಯಲ್ಲಿ ಚಿಕ್ಕದಾಗುವುದು ಹೆಚ್ಚಾಗಿ ಜಿ ತಂತಿಯೇ.

ಅಳತೆಯ ಗುರುತು ಸಿಕ್ಕ ಮೇಲೆ ಆ ತುದಿಯಿಂದ ಸುಮಾರು 15 ಮಿಲಿಮೀಟರ್ ಒಳಗೆ ತಂತಿಯನ್ನು ಇಕ್ಕಳದಿಂದ ಹಿಡಿದು ಲಂಬಕೋನಕ್ಕೆ ಬಾಗಿಸಲಾಗುತ್ತದೆ. ಬಾಗು ಚೂಪಾಗಿರಬೇಕು. ಈ ಬಾಗೇ ಹೊದಿಕೆಯನ್ನು ತಿರುಳಿಗೆ ಬೀಗ ಹಾಕಿದಂತೆ ಹಿಡಿದಿಡುತ್ತದೆ. ಕತ್ತರಿಸುವ ಇಕ್ಕಳ ಕೆಲಸಕ್ಕೆ ಬರುವುದು ಇದಾದ ನಂತರ, ಅದೂ ಬಾಗಿನ ಆಚೆಗೆ, ಗುರುತಿನ ಮೇಲೆ. ಬಾಗನ್ನು ಕತ್ತರಿಸಿ ತೆಗೆದು ನೇರ ತುದಿಯನ್ನೇ ರಂಧ್ರಕ್ಕೆ ತುರುಕಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಸಂದೇಹವಿದ್ದಲ್ಲಿ ಒಂದು ಸೆಂಟಿಮೀಟರ್ ಹೆಚ್ಚು ಬಿಡುವುದರಿಂದ ಕಾಲು ಸುತ್ತು ಹೆಚ್ಚಾಗಬಹುದು ಅಷ್ಟೆ. ಮೂರು ಸೆಂಟಿಮೀಟರ್ ಕಡಿಮೆ ಬಿಟ್ಟರೆ ಮುಕ್ಕಾಲು ಸುತ್ತು ಹೋಗುತ್ತದೆ, ಎರಡೂವರೆ ಸುತ್ತಿನ ತಂತಿಗೆ ಆ ನಷ್ಟ ದೊಡ್ಡದು.

ತಂತಿಯನ್ನು ಕತ್ತರಿಸದೆ ಪೂರ್ತಿ ಉದ್ದವನ್ನೂ ಸುತ್ತಿಬಿಡುವುದು ಮೊದಲ ಸಲ ತಂತಿ ಬದಲಿಸುವವರಲ್ಲಿ ಸಾಮಾನ್ಯ. ಕತ್ತರಿಯ ಭಯದಿಂದ ಹಾಗೆ ಮಾಡುತ್ತಾರೆ. ಫಲ ಮೇಲೆ ಹೇಳಿದ್ದೇ: ಸುತ್ತಿನ ಮೇಲೆ ಸುತ್ತು, ವಾರಗಟ್ಟಲೆ ನಿಲ್ಲದ ಶ್ರುತಿ.

ಸುತ್ತುವ ಕ್ರಮ

ಸುತ್ತುವುದಕ್ಕೆ ಮೊದಲು ಸೀಳು ಕುತ್ತಿಗೆಯ ನೇರಕ್ಕೆ ಬರುವಂತೆ ಪೋಸ್ಟನ್ನು ತಿರುಗಿಸಿಟ್ಟುಕೊಳ್ಳಲಾಗುತ್ತದೆ. ಬಾಗಿದ ತುದಿಯನ್ನು ರಂಧ್ರಕ್ಕೆ ಇಳಿಸಿ, ಬಾಗಿನ ಮೊಳಕೈ ಸೀಳಿನ ತಳಕ್ಕೆ ತಾಗುವವರೆಗೆ ಹೆಬ್ಬೆರಳಿನಿಂದ ಒತ್ತಬೇಕು. ನಂತರ ಕಿವಿಯನ್ನು ತಿರುಗಿಸಲು ಆರಂಭಿಸಿ, ಇನ್ನೊಂದು ಕೈಯಿಂದ ತಂತಿಯನ್ನು ನಟ್‌ನ ಬಳಿ ಹಿಡಿದು ಸ್ವಲ್ಪ ಬಿಗಿಯಾಗಿ ಎಳೆದುಕೊಂಡಿರಬೇಕು. ಈ ಎಳೆತವಿಲ್ಲದಿದ್ದರೆ ಮೊದಲ ಸುತ್ತುಗಳು ಸಡಿಲವಾಗಿ ಬಿದ್ದು, ತುದಿ ಮೇಲಕ್ಕೆ ಏಳುತ್ತದೆ.

ತಂತಿ ಪೋಸ್ಟಿನ ಯಾವ ಬದಿಯಲ್ಲಿ ಹಾಯಬೇಕೆಂಬ ಗೊಂದಲಕ್ಕೆ ಸರಳವಾದ ಉತ್ತರವಿದೆ: ಬಿರಡೆಯ ಕಿವಿ ಇರುವ ಬದಿಗೆ ಎದುರು ಬದಿಯಲ್ಲಿ. ನಾಲ್ಕು ಕಿವಿಗಳೂ ಒಂದೇ ಕಡೆ ಇರುವ ಫೆಂಡರ್ ಮಾದರಿಯಲ್ಲಿ ತಲೆಭಾಗವನ್ನು ಮೇಲೆ ಮಾಡಿ ಮುಂದಿನಿಂದ ನೋಡಿದರೆ ಬಲಗೈ ವಾದ್ಯದ ಕಿವಿಗಳು ಎಡಕ್ಕೆ ಇರುತ್ತವೆ. ತಂತಿಗಳು ಪೋಸ್ಟಿನ ಬಲಬದಿಯಿಂದ ಏರಿ, ಬಿಗಿಗೊಳಿಸುವಾಗ ಪೋಸ್ಟುಗಳು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತವೆ. ಎರಡೂ ಕಡೆ ಎರಡೆರಡು ಬಿರಡೆಗಳಿರುವ ವಾದ್ಯಗಳಲ್ಲಿ ನಾಲ್ಕೂ ತಂತಿಗಳು ಪೋಸ್ಟುಗಳ ಒಳಬದಿಯಲ್ಲಿ ಹಾಯುತ್ತವೆ. 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇಯಲ್ಲಿ ಮೂರು ಬಿರಡೆಗಳು ಒಂದು ಕಡೆ, ಒಂದು ಇನ್ನೊಂದು ಕಡೆ. ಅಲ್ಲಿ ಜಿ ತಂತಿಯನ್ನು ಉಳಿದವುಗಳಂತೆಯೇ ಸುತ್ತಲು ಹೊರಟವರಿಗೆ ತಂತಿ ತಪ್ಪು ಬದಿಗೆ ಬರುತ್ತದೆ.

ಪ್ರತಿ ಹೊಸ ಸುತ್ತೂ ಹಿಂದಿನದರ ಕೆಳಗೆ, ಅದಕ್ಕೆ ತಾಗಿಕೊಂಡು ಬೀಳಬೇಕು. ಸುತ್ತು ಮೇಲೇರಲು ಹೊರಟರೆ ನಿಲ್ಲಿಸಿ ಬೆರಳಿನಿಂದ ಕೆಳಕ್ಕೆ ಒತ್ತಿ ಸರಿಪಡಿಸುವುದು ಆಗಲೇ ಸುಲಭ, ಶ್ರುತಿಗೆ ಏರಿದ ಮೇಲಲ್ಲ. ದಪ್ಪ ತಂತಿಗೆ ಪೋಸ್ಟಿನ ಮೇಲೆ ಹೆಚ್ಚು ಜಾಗ ಬೇಕು: ಇ ತಂತಿಯ ಮೂರು ಸುತ್ತುಗಳು ಪೋಸ್ಟಿನ ಎತ್ತರದಲ್ಲಿ 8 ಮಿಲಿಮೀಟರ್ ತೆಗೆದುಕೊಂಡರೆ ಜಿ ತಂತಿಯ ನಾಲ್ಕು ಸುತ್ತುಗಳಿಗೆ ನಾಲ್ಕೂವರೆ ಮಿಲಿಮೀಟರ್ ಚಿಲ್ಲರೆ ಸಾಕು. ಆದ್ದರಿಂದ ಇ ತಂತಿಗೆ ಎರಡರಿಂದ ಎರಡೂವರೆ, ಎ ಗೆ ಸುಮಾರು ಮೂರು, ಡಿ ಮತ್ತು ಜಿ ಗಳಿಗೆ ಮೂರರಿಂದ ನಾಲ್ಕು ಸುತ್ತುಗಳು ಸಾಮಾನ್ಯವಾಗಿ ಒಪ್ಪುತ್ತವೆ. ಐದು ತಂತಿಗಳ ವಾದ್ಯದ ಬಿ ತಂತಿ ಹೆಚ್ಚಾಗಿ 0.130 ಅಂಗುಲದಷ್ಟು ದಪ್ಪವಿರುವುದರಿಂದ ಅದಕ್ಕೆ ಎರಡು ಸುತ್ತುಗಳೇ ಹಿಡಿಸುತ್ತವೆ.

ಎರಡೂವರೆ ಸುತ್ತಿಗೆ ಕಿವಿಯನ್ನು ಸುಮಾರು 50 ಸಲ ತಿರುಗಿಸಬೇಕೆಂದ ಮೇಲೆ ಕೆಲವರು ತಾಳ್ಮೆಗೆಟ್ಟು ತಂತಿಯನ್ನೇ ಕೈಯಿಂದ ಪೋಸ್ಟಿನ ಸುತ್ತ ಸುತ್ತಿಬಿಡುತ್ತಾರೆ. ಈ ಅಡ್ಡದಾರಿ ತಂತಿಯನ್ನು ಕೆಡಿಸುತ್ತದೆ. ಪೋಸ್ಟ್ ತಿರುಗಿ ತಂತಿಯನ್ನು ಎಳೆದುಕೊಂಡಾಗ ತಂತಿಯಲ್ಲಿ ತಿರುಚು ಹುಟ್ಟುವುದಿಲ್ಲ. ಪೋಸ್ಟ್ ನಿಂತಿದ್ದು ತಂತಿ ಅದನ್ನು ಸುತ್ತಿದಾಗ, ಆಚೆ ತುದಿ ಬ್ರಿಡ್ಜ್‌ನಲ್ಲಿ ಸಿಕ್ಕಿಕೊಂಡಿರುವುದರಿಂದ, ಒಂದೊಂದು ಸುತ್ತಿಗೂ ತಂತಿ ತನ್ನ ಅಕ್ಷದ ಮೇಲೆ ಒಂದು ಪೂರ್ಣ ತಿರುಚು ಪಡೆಯುತ್ತದೆ. ಆ ತಿರುಚು ಹೊದಿಕೆಯನ್ನು ಬಿಗಿಸುತ್ತದೆ ಇಲ್ಲವೆ ಸಡಿಲಿಸುತ್ತದೆ. ನಾದ ಮಂಕಾಗಿ, ಉಪಸ್ವರಗಳು ಹೊಂದದೆ, ಹೊಸ ತಂತಿ ಹಳೆಯದರಂತೆ ಕೇಳಿಸುತ್ತದೆ. ಅನೇಕರು ತಂತಿಯ ತಯಾರಿಕೆಯೇ ಕೆಟ್ಟಿದೆ ಎಂದು ಭಾವಿಸುವ ಪ್ರಸಂಗಗಳಲ್ಲಿ ಇದೂ ಒಂದು. ತಿರುಚು ಬಿದ್ದಿದೆ ಎಂಬ ಅನುಮಾನವಿದ್ದರೆ ತಂತಿಯನ್ನು ಸಡಿಲಿಸಿ, ಗುಂಡು ತುದಿಯನ್ನು ಬ್ರಿಡ್ಜ್‌ನಿಂದ ಬಿಡಿಸಿ, ಅದು ತಾನಾಗಿ ತಿರುಗಿ ಸುಮ್ಮನಾಗಲು ಬಿಟ್ಟು ಮತ್ತೆ ಸಿಕ್ಕಿಸಬಹುದು. ಕಿವಿ ತಿರುಗಿಸುವ ಶ್ರಮ ತಗ್ಗಿಸಲು ವೈಂಡರ್ ಎಂಬ ಹಿಡಿಕೆ ಸಿಗುತ್ತದೆ. ಬೇಸ್‌ನ ಅಗಲ ಕಿವಿಗೆ ಹೊಂದುವ ಬಾಯಿಯುಳ್ಳದ್ದನ್ನು ಆರಿಸಬೇಕು.

ಎ ತಂತಿಯ ತೊಂದರೆ

ಫೆಂಡರ್ ಮಾದರಿಯ ವಾದ್ಯಗಳಲ್ಲಿ ತೆರೆದ ಎ ತಂತಿ ನಟ್‌ನ ಬಳಿ ಝೇಂಕರಿಸುವುದು ಬಹಳ ಪರಿಚಿತವಾದ ದೂರು. ಅದರ ಮೂಲ ತಲೆಭಾಗದ ವಿನ್ಯಾಸದಲ್ಲಿದೆ. ಈ ತಲೆಭಾಗ ಗಿಬ್ಸನ್ ವಾದ್ಯಗಳದರಂತೆ ಹಿಂದಕ್ಕೆ ಬಾಗಿಲ್ಲ. ಫಿಂಗರ್‌ಬೋರ್ಡಿಗೆ ಸಮಾನಾಂತರವಾಗಿದ್ದು, ಸ್ವಲ್ಪ ಕೆಳಮಟ್ಟದಲ್ಲಿದೆ. ಇ ತಂತಿಯ ಪೋಸ್ಟ್ ನಟ್‌ಗೆ ಹತ್ತಿರವಿರುವುದರಿಂದ ಅದರ ಇಳಿಕೋನ ಸಾಕಷ್ಟಿರುತ್ತದೆ. ದೂರದಲ್ಲಿರುವ ಡಿ ಮತ್ತು ಜಿ ತಂತಿಗಳನ್ನು ಒಂದು ಸಣ್ಣ ಲೋಹದ ಗುಂಡಿ ಕೆಳಕ್ಕೆ ಒತ್ತಿ ಹಿಡಿಯುತ್ತದೆ. ಎ ತಂತಿಗೆ ಹತ್ತಿರದ ಪೋಸ್ಟಿನ ಅನುಕೂಲವೂ ಇಲ್ಲ, ಗುಂಡಿಯ ಆಸರೆಯೂ ಇಲ್ಲ.

ಉದಾಹರಣೆಗೆ, ತಂತಿ ನಟ್‌ನಿಂದ ಪೋಸ್ಟಿಗೆ ಬರುವಷ್ಟರಲ್ಲಿ 8 ಮಿಲಿಮೀಟರ್ ಇಳಿಯುತ್ತದೆ ಎಂದುಕೊಳ್ಳಬಹುದು. ಪೋಸ್ಟ್ 50 ಮಿಲಿಮೀಟರ್ ದೂರದಲ್ಲಿದ್ದರೆ ಇಳಿಕೋನ ಸುಮಾರು 9 ಡಿಗ್ರಿ. 100 ಮಿಲಿಮೀಟರ್ ದೂರದಲ್ಲಿದ್ದರೆ ಸುಮಾರು ನಾಲ್ಕೂವರೆ ಡಿಗ್ರಿ ಮಾತ್ರ. ದೂರದ ಪೋಸ್ಟಿನ ಮೇಲೆ ಇನ್ನೊಂದು ಸುತ್ತು ಕೆಳಕ್ಕೆ ಹಾಕಿದರೆ ಎ ತಂತಿಯ ಹೊರಡುವ ಜಾಗ 2.16 ಮಿಲಿಮೀಟರ್ ಇಳಿದು, ಕೋನ ಸುಮಾರು 6 ಡಿಗ್ರಿಯ ಹತ್ತಿರ ಬರುತ್ತದೆ. ನಾಲ್ಕೂವರೆಯಿಂದ ಆರಕ್ಕೆ ಏರುವುದೆಂದರೆ ಗಾಡಿಯ ಮೇಲಿನ ಒತ್ತಡ ಕಾಲುಭಾಗಕ್ಕಿಂತ ಹೆಚ್ಚಾಯಿತು ಎಂದರ್ಥ. ಬಿರಡೆಗೂ ನಟ್‌ಗೂ ಕೈಹಚ್ಚದೆ, ಒಂದೇ ಒಂದು ಸುತ್ತಿನಿಂದ ದೂರು ತೀರುವುದು ಹೀಗೆ. ಕೆಲವರು ಮೂರು ತಂತಿಗಳನ್ನು ಹಿಡಿಯುವ ಪಟ್ಟಿಯನ್ನು ಗುಂಡಿಯ ಜಾಗದಲ್ಲಿ ಕೂರಿಸಿಕೊಳ್ಳುತ್ತಾರೆ. ಅದಕ್ಕೆ ಹಣ ಹಾಕುವ ಮೊದಲು, ಕೊನೆಯ ಸುತ್ತು ಪೋಸ್ಟಿನ ಬುಡ ಮುಟ್ಟಿದೆಯೇ ಎಂದು ಬಗ್ಗಿ ನೋಡುವುದು ಒಳ್ಳೆಯದು. ಹಾಗೆ ನೋಡಿದ ಮೇಲೂ ಝೇಂಕಾರ ಉಳಿದರೆ ನಟ್‌ನ ಗಾಡಿ ಅತಿಯಾಗಿ ಅಗಲವಾಗಿದೆಯೋ ಆಳವಾಗಿದೆಯೋ ಎಂದು ಪರೀಕ್ಷಿಸಬೇಕಾಗುತ್ತದೆ.

ಸುತ್ತಿದ ನಂತರ

ಶ್ರುತಿಗೆ ಏರಿಸಿದ ಹೊಸ ತಂತಿ ಮೊದಲ ದಿನ ಇಳಿಯುತ್ತಲೇ ಇರುತ್ತದೆ. ಸುತ್ತುಗಳು ಬಿಗಿಯಾಗುವುದು, ತಂತಿ ಸ್ಯಾಡಲ್ ಮತ್ತು ನಟ್‌ಗಳ ಮೇಲೆ ಬಾಗು ಪಡೆದು ಕೂರುವುದು ಇದಕ್ಕೆ ಕಾರಣ. ತಂತಿಯ ಕೆಳಗೆ ಬೆರಳು ತೂರಿಸಿ ಹಲವು ಕಡೆ ಮೃದುವಾಗಿ ಮೇಲಕ್ಕೆತ್ತಿ, ಮತ್ತೆ ಶ್ರುತಿ ಮಾಡಿ, ಇಳಿಯುವುದು ನಿಲ್ಲುವವರೆಗೆ ಇದನ್ನೇ ಪುನರಾವರ್ತಿಸುತ್ತಾರೆ. ದಪ್ಪ ತಂತಿ ತನ್ನ ಗಡಸಿನಿಂದ ಸ್ಯಾಡಲ್ ಮೇಲೆ ಕಮಾನಿನಂತೆ ನಿಲ್ಲುವುದುಂಟು. ಸ್ಯಾಡಲಿನ ಮುಂದೆಯೇ ಹೆಬ್ಬೆರಳಿನಿಂದ ಸ್ವಲ್ಪ ಒತ್ತಿದರೆ ಅದು ಚೂಪಾದ ಬಾಗು ಪಡೆದು ನೇರವಾಗುತ್ತದೆ. ಇದನ್ನು ಮಾಡದೆ ಸ್ವರಸ್ಥಾನಗಳನ್ನು ಹೊಂದಿಸಲು ಹೊರಟರೆ ಅಳತೆ ತಪ್ಪುತ್ತದೆ. ಗೇರಿನಲ್ಲಿ ಇರುವ ಅಲ್ಪ ಸಡಿಲದ ಕಾರಣ ಶ್ರುತಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸಿ ನಿಲ್ಲಿಸಬೇಕು. ಶ್ರುತಿ ಮೀರಿದರೆ ಪೂರ್ತಿ ಕೆಳಗಿಳಿಸಿ ಮತ್ತೆ ಏರಿಸಬೇಕು.

ಒಂದು ದಿನ ನುಡಿಸಿದ ಮೇಲೂ ಒಂದೇ ತಂತಿ ಇಳಿಯುತ್ತಿದ್ದು ಉಳಿದವು ನಿಂತಿದ್ದರೆ, ಅದರ ಪೋಸ್ಟನ್ನು ನೋಡಬೇಕು. ಸುತ್ತು ಸುತ್ತಿನ ಮೇಲಿರುವುದು ಅಥವಾ ತುದಿ ಸೀಳಿನಿಂದ ಮೇಲೆದ್ದಿರುವುದು ಸಾಮಾನ್ಯವಾಗಿ ಬರಿಗಣ್ಣಿಗೇ ಕಾಣುತ್ತದೆ.

ಬೇರೆ ವಿನ್ಯಾಸಗಳು

ಪಕ್ಕದ ರಂಧ್ರವುಳ್ಳ ಪೋಸ್ಟಿನಲ್ಲಿ ತುದಿಯನ್ನು ರಂಧ್ರದ ಮೂಲಕ ಹಾಯಿಸಿ ಬಾಗಿಸಿ, ಸುತ್ತುಗಳನ್ನು ರಂಧ್ರದ ಕೆಳಗೆ ಹಾಕಲಾಗುತ್ತದೆ. ಬೀಗವಿರುವ ಬಿರಡೆಗಳು ತುದಿಯನ್ನು ತಿರುಪಿನಿಂದ ಕಚ್ಚಿ ಹಿಡಿಯುವುದರಿಂದ ಹಿಡಿತಕ್ಕೆ ಹೆಚ್ಚು ಸುತ್ತು ಬೇಕಾಗುವುದಿಲ್ಲ. ಇಳಿಕೋನದ ಅಗತ್ಯ ಮಾತ್ರ ಅಲ್ಲಿಯೂ ಉಳಿಯುತ್ತದೆ. ನೆಡ್ ಸ್ಟೈನ್‌ಬರ್ಗರ್ ಅವರು ರೂಪಿಸಿ 1980ರ ದಶಕದಲ್ಲಿ ಹೆಸರಾದ ತಲೆಯಿಲ್ಲದ ಬೇಸ್‌ನಲ್ಲಿ ಪೋಸ್ಟೇ ಇಲ್ಲ. ಎರಡೂ ತುದಿಗಳಲ್ಲಿ ಗುಂಡು ಕಟ್ಟಿದ ತಂತಿಯನ್ನು ಸಿಕ್ಕಿಸಿ ಬ್ರಿಡ್ಜ್ ಕಡೆಯಿಂದ ಬಿಗಿಸುವುದರಿಂದ ಅಳೆಯುವ, ಬಾಗಿಸುವ, ಕತ್ತರಿಸುವ ಕೆಲಸಗಳೆಲ್ಲ ಇಲ್ಲವಾಗುತ್ತವೆ. ಬದಲಿಗೆ ಆ ವಿಶೇಷ ತಂತಿಗಳನ್ನೇ ಹುಡುಕಬೇಕಾಗುತ್ತದೆ.

ತಂತಿ ಬದಲಿಸುವ ಕಾಲ

ಎಷ್ಟು ದಿನಗಳಿಗೊಮ್ಮೆ ತಂತಿ ಬದಲಿಸಬೇಕೆಂಬುದಕ್ಕೆ ಒಂದೇ ಉತ್ತರವಿಲ್ಲ. ಮೋಟೌನ್ ಧ್ವನಿಮುದ್ರಣಗಳಲ್ಲಿ ನುಡಿಸಿದ ಜೇಮ್ಸ್ ಜಾಮರ್ಸನ್ ಅವರು ತಮ್ಮ ಪ್ರಿಸಿಷನ್ ಬೇಸ್‌ನ ಚಪ್ಪಟೆ ಹೊದಿಕೆಯ ತಂತಿಗಳನ್ನು ತುಂಡಾಗುವವರೆಗೆ ಬದಲಿಸುತ್ತಿರಲಿಲ್ಲ ಎಂದು ಹೇಳಲಾಗುತ್ತದೆ. ಆ ಮಂದ, ದುಂಡಾದ ನಾದವೇ ಅವರ ಗುರುತಾಯಿತು. ದಿ ಹೂ ತಂಡದ ಜಾನ್ ಎಂಟ್‌ವಿಸಲ್ ಅವರಿಗೆ ಬೇಕಾಗಿದ್ದು ಪಿಯಾನೊದಂತಹ ಪ್ರಖರ ನಾದ. ಅವರು 1966ರಲ್ಲಿ ಇಂಗ್ಲೆಂಡಿನ ರೋಟೋಸೌಂಡ್ ಕಂಪನಿಯೊಂದಿಗೆ ಸೇರಿ ದುಂಡು ಹೊದಿಕೆಯ ತಂತಿಗಳನ್ನು ಬೆಳೆಸಲು ನೆರವಾದರು. ದುಂಡು ಹೊದಿಕೆಯ ಸಂದುಗಳಲ್ಲಿ ಬೆವರು ಮತ್ತು ಕೊಳೆ ಬೇಗ ಸೇರುವುದರಿಂದ ಅವುಗಳ ಪ್ರಖರತೆ ಬೇಗ ಕುಂದುತ್ತದೆ. ಕರಾವಳಿಯಂತಹ ತೇವ ಮತ್ತು ಉಪ್ಪುಗಾಳಿಯ ಪ್ರದೇಶಗಳಲ್ಲಿ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸುವವರ ತಂತಿಗಳು ಹೆಚ್ಚು ಬಾಳುತ್ತವೆ.

ಕೊಳೆ ಹಿಡಿದ ದುಂಡು ಹೊದಿಕೆಯ ತಂತಿಗಳನ್ನು ಕೆಲವು ನಿಮಿಷ ನೀರಿನಲ್ಲಿ ಕುದಿಸಿ, ಚೆನ್ನಾಗಿ ಒಣಗಿಸಿ ಮತ್ತೆ ಹಾಕುವ ಪದ್ಧತಿ ಬೇಸ್ ವಾದಕರಲ್ಲಿ ಹಳೆಯದು. ಅದರಿಂದ ಮರಳುವ ಪ್ರಖರತೆ ಹೆಚ್ಚು ದಿನ ನಿಲ್ಲುವುದಿಲ್ಲ. ಮರುಬಳಕೆಯ ತಂತಿಯಲ್ಲಿ ಹಿಂದಿನ ಬಾಗುಗಳು ಹಾಗೆಯೇ ಇರುತ್ತವೆ. ಅವುಗಳನ್ನು ನೇರಗೊಳಿಸಲು ಹೋಗದೆ, ತುದಿಯನ್ನು ಅದೇ ಪೋಸ್ಟಿನ ಅದೇ ರಂಧ್ರಕ್ಕೆ ಇಳಿಸಿ ಹಳೆಯ ಸುತ್ತಿನ ಜಾಡಿನಲ್ಲಿಯೇ ಸುತ್ತಬೇಕು. ಒಮ್ಮೆ ಬಾಗಿದ ಉಕ್ಕನ್ನು ಬೇರೆ ಜಾಗದಲ್ಲಿ ಮತ್ತೆ ಬಾಗಿಸಿದರೆ ತಿರುಳು ಸಾಮಾನ್ಯವಾಗಿ ಹಳೆಯ ಬಾಗಿನಲ್ಲಿಯೇ ಮುರಿಯುತ್ತದೆ.